ಹಾಸುಗಲ್ಲಿನ ಅಡಿಯ ಮುಖ

ನನ್ನ ಮೊಮ್ಮಗಳ ಚಿತ್ರ ಇವತ್ತು ಸೇಡಂನ ಕಲಾಮಂದಿರದ ಗೋಡೆ ಏರಿತು! ಗಾಜು ಹಾಕಿಸಿ, ಕಟ್ಟು ಕಟ್ಟಿಸಿ, ಬಾಗಿಲ ಎದುರಿಗೇ, ಒಳಗೆ ಬಂದವರ ಕಣ್ಣು ಮೊದಲು ಬೀಳುವ ಜಾಗದಲ್ಲಿ. ಕೆಳಗೆ ದೊಡ್ಡ ಅಕ್ಷರದಲ್ಲಿ ಹೆಸರು: ಅಂಬಿಕಾ, ಶಹಾಬಾದ. ನಾನು ಎರಡನೆಯ ಇಯತ್ತೆಗೇ ಸಾಲೆ ಬಿಟ್ಟವಳು. ಆ ಎರಡು ಶಬ್ದವನ್ನು ಬೆರಳಿಟ್ಟು ನಾಲ್ಕು ಸಲ ಓದಿದೆ. ಅಲ್ಲಿಯ ಕಾವಲಿನವನು, "ಆಯಿ, ಗಾಜಿಗಿ ಕೈ ಹಚ್ಚಬ್ಯಾಡ್ರಿ" ಎಂದ. "ನನ್ನ ಮೊಮ್ಮಗಳ ಹೆಸರಪಾ ಅದು. ನಾ ಹಚ್ಚಲಾರದ ಮತ್ಯಾರು ಹಚ್ಚಬೇಕು?" ಎಂದೆ. ಅವನೂ ನಕ್ಕ. ಸೆರಗಿನಲ್ಲಿ ಗಂಟು ಕಟ್ಟಿಕೊಂಡು ಹೋಗಿದ್ದ ಸಕ್ಕರೆಯಲ್ಲಿ ಅವನಿಗೂ ಒಂದು ಚಿಮಟಿ ಕೊಟ್ಟೆ. ಗುರುತು ಇದ್ದವರಿಗೆ, ಇಲ್ಲದವರಿಗೆ, ಬಾಗಿಲಲ್ಲಿ ನೀರು ಕುಡಿಯಲು ಬಂದ ಆಟೋದವನಿಗೆ, ಎಲ್ಲರಿಗೂ ಕೊಟ್ಟೆ.

ಚಿತ್ರದಲ್ಲಿ ಒಬ್ಬ ಮುದುಕರಿದ್ದಾರೆ. ಬೆನ್ನು ನಮ್ಮ ಕಡೆಗಿದೆ. ಖಾಲಿ ಸಭಾಂಗಣದ ನೆಲದ ಮೇಲೆ ಕುಳಿತಿದ್ದಾರೆ. ಬಲಗೈಯ ಅಂಗೈಯನ್ನು ಹಾಸುಗಲ್ಲಿನ ಮೇಲೆ ಅಗಲಿಸಿ ಇಟ್ಟಿದ್ದಾರೆ, ಜ್ವರ ಬಂದ ಕೂಸಿನ ಹಣೆ ಮುಟ್ಟಿ ನೋಡುವ ಹಾಗೆ. ನೋಡಿದವರೆಲ್ಲ, "ಆ ಕೈ ಎಷ್ಟು ಚಂದ ಬಂದದ ನೋಡ್ರಿ" ಎಂದರು. ಆ ಕೈ ಯಾಕೆ ಕಲ್ಲಿನ ಮೇಲಿತ್ತು ಎಂಬುದು ಅಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ಚಿತ್ರ ಬರೆದ ಹುಡುಗಿಗೂ ಗೊತ್ತಿರಲಿಲ್ಲ. ಆ ಮುದುಕರು ಹೋದ ಶ್ರಾವಣದಲ್ಲಿ ತೀರಿಕೊಂಡರು. ಸಂತೋಷ ಹೇಳಬೇಕೆಂದು ಕುಳಿತವಳು ನಾನು. ಆದರೆ ಅವರ ಮಾತು ತೆಗೆಯದೆ ಈ ಸಂತೋಷ ಬಾಯಿಂದ ಹೊರಗೆ ಬರುತ್ತಿಲ್ಲ.

ನಾನು ಇಪ್ಪತ್ತು ವರ್ಷಕ್ಕೂ ಹೆಚ್ಚು ಶಹಾಬಾದದಲ್ಲಿ ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಯಲ್ಲಿ ದುಡಿದೆ. ನಮ್ಮದು ಕಾಗಿಣಾ ದಂಡೆಯ ಮನೆತನ, ಅಪ್ಪ ತೆಪ್ಪ ಹಾಕುತ್ತಿದ್ದ. ಸೇತುವೆ ಆದ ಮೇಲೆ ನೀರು ಬಿಟ್ಟು ಕಲ್ಲಿಗೆ ಬಂದೆವು. ಗಂಡಸರು ಮಷೀನು ಹಿಡಿದರೆ ಹೆಂಗಸರು ನೀರು ಹಾಕುವುದು, ರಾಡಿ ಬಳಿಯುವುದು, ಕಲ್ಲು ಹೊತ್ತು ಲಾರಿಗೆ ಏರಿಸುವುದು. ಮಷೀನಿಗೆ ಹೋಗುವ ಮೊದಲು ಪ್ರತಿ ಕಲ್ಲಿಗೂ ಒಬ್ಬರು ಗೆರೆ ಹಾಕಬೇಕು, ಎಲ್ಲಿ ಕತ್ತರಿಸಬೇಕೆಂದು. ಕೆಮ್ಮಣ್ಣಿನ ನೀರಲ್ಲಿ ಅದ್ದಿದ ದಾರವನ್ನು ಕಲ್ಲಿನ ಮೇಲೆ ಬಿಗಿದು, ನಡುವೆ ಎತ್ತಿ ಬಿಟ್ಟರೆ ಟಪ್ಪೆಂದು ಕೆಂಪು ಗೆರೆ ಬೀಳುತ್ತದೆ. ಆ ಕೆಲಸ ಚಿತ್ರದಲ್ಲಿರುವ ಈ ಮುದುಕರದು. ಅದಕ್ಕೆ ಕಾರ್ಖಾನೆಯಲ್ಲಿ ಎಲ್ಲರಿಗೂ ಅವರು ಗೆರಿ ಕಾಕಾ. ನಿಜದ ಹೆಸರು ನಾನು ಹೇಳುವುದಿಲ್ಲ. ಅವರೂ ಯಾವತ್ತೂ ತಮ್ಮ ಚಿತ್ರದ ಕೆಳಗೆ ಹೆಸರು ಹಾಕಿದವರಲ್ಲ.

ಅವರ ಬೆರಳ ತುದಿ ಯಾವಾಗಲೂ ಕೆಂಪು. ಚಹಾ ಕುಡಿದಿಟ್ಟ ಗ್ಲಾಸಿನ ಮೇಲೆ ಐದು ಕೆಂಪು ಬೆರಳು ಮೂಡಿರುತ್ತಿತ್ತು. ಪೆನ್ಸಿಲ್ ಸಿಗಿಸಿಕೊಳ್ಳುವ ಕಿವಿಯೂ ಕೆಂಪು. ಗೆರೆ ಹಾಕುವ ಮೊದಲು ಕಲ್ಲಿಗೆ ಬೆರಳ ಗಿಣ್ಣಿನಿಂದ ಎರಡು ಸಲ ತಟ್ಟಿ ಕಿವಿ ಇಡುತ್ತಿದ್ದರು, ಒಳಗೆ ಬಿರುಕಿದ್ದರೆ ದನಿ ಒಡೆದು ಕೇಳಿಸುತ್ತದಂತೆ. ನಾವು ಹೆಂಗಸರು ಮುಖ ಬಾಡಿಸಿಕೊಂಡು ಬಂದ ದಿನ ನಮ್ಮ ಬುತ್ತಿಯ ಡಬ್ಬಿಗೂ ಹಾಗೆಯೇ ಎರಡು ಸಲ ತಟ್ಟಿ, "ಒಳಗ ಏನೋ ಒಡದದ ಇವತ್ತ. ಏನಾತು?" ಎಂದು ಕೇಳುತ್ತಿದ್ದರು. ಹೇಳಿದರೆ ಕೇಳುವರು, ಹೇಳದಿದ್ದರೆ ಮತ್ತೆ ಕೇಳುತ್ತಿರಲಿಲ್ಲ.

ಊಟದ ಹೊತ್ತಿನಲ್ಲಿ ಅವರಿಗೊಂದು ಹುಚ್ಚು. ಪಾಲಿಶ್ ಆದ ಕಲ್ಲಿನ ಹಿಂಭಾಗ ಒರಟಾಗಿಯೇ ಉಳಿದಿರುತ್ತದೆ, ಅದು ನೆಲಕ್ಕೆ ಹೋಗುವ ಕಡೆ. ಆ ಒರಟು ಕಡೆಗೆ ಮೊಳೆಯಿಂದ ಗೀರಿ, ಗೀರಿದ ಗೆರೆಯಲ್ಲಿ ಕೆಮ್ಮಣ್ಣು ತುಂಬಿ, ಎದುರಿಗೆ ಯಾರಿದ್ದರೆ ಅವರ ಮುಖ ತೆಗೆಯುತ್ತಿದ್ದರು. ಒಮ್ಮೆ ಮಾಲಕ ನೋಡಿ ಸಿಟ್ಟಾದ.

"ಏನಿದು? ಮಾರೋ ಮಾಲಿನ ಮ್ಯಾಲ ಗೊಂಬಿ ತೆಗೀಲಿಕತ್ತೀರಿ?"

"ಸೇಠಜೀ, ಇದು ನೆಲಕ್ಕ ಹೋಗೋ ಕಡಿ. ಯಾರು ನೋಡ್ತಾರ?"

ಮಾಲಕ ಅತ್ತಿತ್ತ ನೋಡಿ, ದನಿ ಇಳಿಸಿ, "ಹಂಗಾದ್ರ ನಂದೂ ಒಂದು ತೆಗೀರಿ" ಎಂದ. ತೆಗೆದರು, ಮೀಸೆ ಸಮೇತ. ಆ ಕಲ್ಲೂ ಉಳಿದ ಕಲ್ಲುಗಳ ಜೊತೆ ಲಾರಿ ಏರಿ ಎಲ್ಲಿಗೋ ಹೋಯಿತು. ಆಮೇಲೆ ನಮಗೆ ಅದೇ ನಗೆ. ಮಾಲಕ ಯಾರನ್ನಾದರೂ ಬೈದ ದಿನ, "ಬೈಲಿ ಬಿಡ್ರೇ, ಯಾವುದೋ ಊರಾಗ ಮಂದಿ ಅವನ ಮೂಗಿನ ಮ್ಯಾಲ ಕುಂತು ಪಂಕ್ತಿ ಊಟ ಮಾಡ್ಲಿಕತ್ತಾರ" ಎಂದು ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದೆವು. ನಾನೂ ನಕ್ಕಿದ್ದೇನೆ. ಎಷ್ಟು ನಕ್ಕಿದ್ದೇನೆ!

ನನ್ನ ಮಗಳು ಜಗದೇವಿ ಚೊಚ್ಚಲ ಬಸುರಿ, ಹೆರಿಗೆಗೆಂದು ನನ್ನ ಮನೆಗೆ ಬಂದಿದ್ದಳು. ದಿನಾ ನನಗೆ ಬುತ್ತಿ ತರುವಳು. ಎಂಟು ತುಂಬಿದ ಮೇಲೆ, ಬರಬೇಡ ಎಂದರೂ ಕೇಳದೆ ಬಂದು, ಬೇವಿನ ಮರದ ನೆರಳಿನಲ್ಲಿ ಕಾಲು ಚಾಚಿ ಕುಳಿತಳು. ಕಾಕಾ ಎದುರಿಗೆ ಒಂದು ಕಲ್ಲು ತಿರುವಿ ಇಟ್ಟುಕೊಂಡರು. ಅವಳಿಗೆ ನಾಚಿಕೆ, ಜೊತೆಗೆ ಅವಸರ.

"ಮುತ್ಯಾ, ಲಗು ಮಾಡ್ರಿ. ಕೂಸು ಒದೀಲಿಕತ್ತದ."

"ಅದಕ್ಕೂ ಹೇಳು, ಜರಾ ಸುಮ್ಮ ಕುಂದ್ರು ಅಂತ."

ಆ ಚಿತ್ರ ಬಂದದ್ದು ಹೇಗೆಂದು ನಾನು ಹೇಳಲಾರೆ. ಕಲ್ಲಿನೊಳಗಿಂದ ನನ್ನ ಮಗಳು ಹೊರಗೆ ನೋಡುತ್ತಿದ್ದಳು. ಕಾಕಾ ಅದನ್ನು ಬೇವಿನ ಬುಡಕ್ಕೆ ಆನಿಸಿ ಇಟ್ಟು, "ಚಂದಮ್ಮಾ, ಇದನ್ನ ಲಾರಿಗಿ ಹಾಕಬ್ಯಾಡ. ಮಾಲಕಗ ನಾ ಹೇಳ್ತೀನಿ. ಮನಿಗಿ ಒಯ್ಯಿ" ಎಂದರು. ನಾಳೆ ಒಯ್ದರಾಯಿತು, ನಾಡಿದ್ದು ಒಯ್ದರಾಯಿತು ಎಂದೆ. ಅಷ್ಟರಲ್ಲಿ ಹೆರಿಗೆ ಬಂತು. ಅಂಬಿಕಾ ಹುಟ್ಟಿದ ಮೂರನೆಯ ದಿನ ಜಗದೇವಿ ಹೋಗಿಬಿಟ್ಟಳು. ರಕ್ತ ನಿಲ್ಲಲಿಲ್ಲ.

ತಿಂಗಳ ಮೇಲೆ ಕೆಲಸಕ್ಕೆ ಹೋದೆ. ಹೋದ ದಿನವೇ ಲಾರಿ ತುಂಬುವ ಗಡಿಬಿಡಿ. ನಮ್ಮ ಕೆಲಸದಲ್ಲಿ ಕಲ್ಲನ್ನು ಕಣ್ಣಿಂದ ನೋಡುವುದಿಲ್ಲ, ಅಂಗೈಯಿಂದ ನೋಡುತ್ತೇವೆ. ಪಾಲಿಶ್ ಆದ ಕಡೆ ಅಂಗೈ ಆಡಿಸಬೇಕು, ಎಲ್ಲೂ ತಡೆಯದೆ ಜಾರಿದರೆ ಮಾಲು ಸರಿ, ಎತ್ತಿ ಏರಿಸಬೇಕು. ಹಿಂಭಾಗವನ್ನು ಯಾರೂ ನೋಡುವುದಿಲ್ಲ. ಅವತ್ತು ನನಗೆ ಕೈ ಇತ್ತು, ಕಣ್ಣು ಇರಲಿಲ್ಲ. ಬೇವಿನ ಬುಡದ ಕಲ್ಲಿಗೂ ಅಂಗೈ ಆಡಿಸಿದೆ. ಜಾರಿತು. ನಾನೇ ಎತ್ತಿದೆ. ನಾನೇ ಹೊತ್ತೆ. ಲಾರಿ ಗೇಟು ದಾಟಿ ಹೋದ ಮೇಲೆ ಕೈ ತೊಳೆಯಲು ಮರದ ಹತ್ತಿರ ಬಂದರೆ ಬುಡ ಖಾಲಿ. ಅಂಗೈ ನೋಡಿಕೊಂಡೆ, ಕೆಂಪಾಗಿತ್ತು.

ಅವಳದೊಂದು ಬೇರೆ ಫೋಟೋ ಇರಲಿಲ್ಲವೇ ಎನ್ನಬಹುದು. ಸಾಮೂಹಿಕ ಮದುವೆಯಲ್ಲಿ ತೆಗೆದದ್ದು ಒಂದಿದೆ, ಅದರಲ್ಲಿ ತಲೆ ಬಗ್ಗಿಸಿದ್ದಾಳೆ, ಬಾಸಿಂಗದ ಎಳೆಗಳು ಮುಖದ ತುಂಬ. ಓಟಿನ ಚೀಟಿಯಲ್ಲಿ ಒಂದಿದೆ, ಅದನ್ನು ನೋಡಿದರೆ ಹೆತ್ತ ನನಗೇ ಗುರುತು ಸಿಗುವುದಿಲ್ಲ. ಅಂಬಿಕಾಳ ಅಪ್ಪ ಚಿಂಚೋಳಿ ಕಡೆಯವನು, ಬೇರೆ ಮದುವೆಯಾದ. ಕೂಸು ನನ್ನಲ್ಲೇ ಉಳಿಯಿತು. ತಾಯಿಯ ಮುಖ ಕಾಣದ ಕೂಸಿಗೆ ಇದ್ದ ಒಂದೇ ಮುಖವನ್ನು ನಾನು ನನ್ನ ಕೈಯಾರೆ ಮಾರಾಟಕ್ಕೆ ಹಾಕಿದ್ದೆ.

ಕಾಕಾ ಕೇಳಿದರು: "ಕಲ್ಲು ಒಯ್ದೆ ಏನವ್ವಾ?"

"ಒಯ್ದೀನ್ರಿ ಕಾಕಾ. ಮನ್ಯಾಗ ಗ್ವಾಡಿಗಿ ಆನಿಸಿ ಇಟ್ಟೀನಿ."

ಅದು ಮೊದಲ ಸುಳ್ಳು. ಆಮೇಲೆ ವರ್ಷಕ್ಕೆರಡು ಸಲವಾದರೂ, ಸಂತೆಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ, ಸಿಕ್ಕಲ್ಲೆಲ್ಲ ಅದೇ ಪ್ರಶ್ನೆ: "ಕಲ್ಲು ಹ್ಯಾಂಗದ?" ನನ್ನದು ಅದೇ ಉತ್ತರ: "ಆರಾಮ ಅದರಿ." ಜೀವ ಇದ್ದವರ ಬಗ್ಗೆ ಹೇಳುವ ಹಾಗೆ. ಹದಿನೇಳು ವರ್ಷ. ಒಂದು ಸಲವೂ ಮನೆಗೆ ಬಂದು ನೋಡುತ್ತೇನೆ ಎನ್ನಲಿಲ್ಲ. ನನ್ನ ದೈವ ಚೆನ್ನಾಗಿದೆ ಎಂದುಕೊಂಡಿದ್ದೆ.

ಅಲ್ಲಿಂದ ನನಗೊಂದು ಚಟ ಅಂಟಿತು. ಎಲ್ಲಿ ಶಹಾಬಾದ ಕಲ್ಲಿನ ನೆಲ ಕಂಡರೂ, ಕಲ್ಲಿನ ನಟ್ಟನಡುವೆ ಕಾಲಿಡಲಾರೆ. ಎರಡು ಕಲ್ಲು ಕೂಡುವ ಸಂದಿನ ಮೇಲೆ ಹೆಜ್ಜೆ ಇಟ್ಟು ನಡೆಯುತ್ತೇನೆ. ನಮ್ಮ ಕಡೆ ಯಾವ ನೆಲ ಶಹಾಬಾದ ಕಲ್ಲಿನದಲ್ಲ ಹೇಳಿ! ಮಠದಲ್ಲಿ, ದವಾಖಾನೆಯಲ್ಲಿ, ವಾಡಿ ಸ್ಟೇಷನ್ನಿನಲ್ಲಿ, ಬೀಗರ ಮನೆಯಲ್ಲಿ, ಎಲ್ಲ ಕಡೆ ಹಾಗೆ ನಡೆದು ನಡೆದು, ಮಂದಿ ನನಗೆ ಮೊಣಕಾಲು ಬೇನೆ ಎಂದುಕೊಂಡರು. ಸೊಸೆ ಎಣ್ಣೆ ತಂದು ತಿಕ್ಕಿದಳು. ತಿಕ್ಕಿಸಿಕೊಂಡೆ. ಏನು ಹೇಳುವುದು? ಅಪರಿಚಿತರ ಮನೆಯ ಪಡಸಾಲೆಯಲ್ಲಿ ನಿಂತಾಗ, ಪಾದದ ಕೆಳಗಿಂದ "ಲಗು ಮಾಡ್ರಿ" ಎಂದಂತಾಗುತ್ತದೆ ಎಂದು ಹೇಳುವುದೇ?

ಕೆಲಸ ಬಿಟ್ಟ ಮೇಲೆ ಕಾಕಾ ಒಂದು ಗುಂಪು ಕಟ್ಟಿದರು. ತಿಂಗಳಿಗೊಂದು ಐತವಾರ ಕೂಡಿ ಎಲ್ಲಿಗಾದರೂ ಹೋಗಿ ಚಿತ್ರ ತೆಗೆಯುವುದು. ರಾವೂರದ ಒಬ್ಬ ಟೇಲರ್, ಕುಂಚಾವರಂ ಕಡೆಯ ಒಬ್ಬ ಟೀಚರಮ್ಮ, ಇನ್ನು ನಾಲ್ಕೈದು ಮಂದಿ. ಕಾಲೇಜು ಸೇರಿದ ಅಂಬಿಕಾಳೂ ಹೋಗಲು ಹಠ ಹಿಡಿದಳು. ಒಬ್ಬಳನ್ನೇ ಕಳಿಸಲು ಮನಸ್ಸಾಗದೆ ನಾನೂ ಹೊರಟೆ, ಚುರಮುರಿ ಒಗ್ಗರಿಸಿದ ಸುಸಲಾ ಕಟ್ಟಿಕೊಂಡು. ಅವತ್ತು ಹೋದದ್ದು ಇದೇ ಸೇಡಂ ಕಲಾಮಂದಿರಕ್ಕೆ. ವಾಡಿಯಲ್ಲಿ ಗಾಡಿ ಬದಲಿಸಿ, ಚಿತ್ತಾಪುರ ದಾಟುವಷ್ಟರಲ್ಲಿ ಸುಸಲಾ ಖಾಲಿ.

ಬಾಗಿಲಲ್ಲೇ ಕಾಕಾ ಎಲ್ಲರನ್ನೂ ತಡೆದರು. "ಚಪ್ಪಲಿ ಹೊರಗ ಬಿಡ್ರಿ."

"ಇದೇನು ಗುಡಿ ಏನ್ರಿ ಕಾಕಾ?" ಎಂದ ಟೇಲರ್.

"ಬಿಡ್ರಿ ಅಂದ್ರ ಬಿಡ್ರಿ."

ಒಳಗೆ ಯಾರೂ ಇರಲಿಲ್ಲ. ಎತ್ತರದ ಕಿಟಕಿಗಳಿಂದ ಬಿಸಿಲು ಉದ್ದುದ್ದ ಬಿದ್ದಿತ್ತು. ರಂಗದ ಪರದೆ ಅರ್ಧ ಎಳೆದಿತ್ತು. ನೆಲ ನಮ್ಮದೇ ಕಲ್ಲು. ನಾನು ಸಂದು ಹಿಡಿದು ನಡೆದು ಗೋಡೆಗೆ ಹೋಗಿ ಕುಳಿತೆ. ಒಬ್ಬೊಬ್ಬರು ಒಂದೊಂದು ಮೂಲೆ ಹಿಡಿದರು. ಟೇಲರ್ ಕಂಬದ ಎದುರು ಕುಳಿತು ಪೆನ್ಸಿಲ್ ಚಾಚಿ ಚಾಚಿ ಅಳತೆ ತೆಗೆಯುತ್ತಿದ್ದ. ಕಾಕಾ ಹಿಂದಿನಿಂದ, "ಟೇಲರ್ ಸಾಹೇಬ್ರ, ಕಂಬಕ್ಕ ಕುಬ್ಸ ಹೊಲೀಲಿಕತ್ತೀರೇನು?" ಎಂದರು. ಟೀಚರಮ್ಮ ನಕ್ಕು ನಕ್ಕು, "ಅಮ್ಮೋ, ನನ್ನ ಗೆರಿ ವಂಕರ ಆಯ್ತು ತಾತಾ" ಎಂದು ರಬ್ಬರ್ ಹುಡುಕಿದಳು. ಕಾಕಾ ತಾವು ಏನೂ ಬರೆಯಲಿಲ್ಲ. ನಡುವೆ ನೆಲದ ಮೇಲೆ ಕುಳಿತು, ಅಂಗೈ ಕಲ್ಲಿನ ಮೇಲಿಟ್ಟು ಸುಮ್ಮನಾದರು. ಅಂಬಿಕಾ ಅದನ್ನೇ ಬರೆಯತೊಡಗಿದ್ದಳು.

ಸ್ವಲ್ಪ ಹೊತ್ತಿಗೆ ಎದ್ದು ಬಂದು ಅವಳ ಹಾಳೆ ನೋಡಿದರು. "ನಾ ತೇಲ್ಲಿಕತ್ತೀನಿ ನೋಡು ಇಲ್ಲಿ. ಮೂಗು, ಕಿವಿ ಆಮ್ಯಾಗ. ಮೊದಲ ಭಾರ ಎಲ್ಲಿ ಕುಂತದ ಅದನ್ನ ನೋಡು. ಕೈ ಮ್ಯಾಲ ಕುಂತದ. ಅಲ್ಲಿ ಗಟ್ಟಿ ಹಾಕು." ಅವಳು ಹಣೆ ಗಂಟಿಕ್ಕಿ ತಿದ್ದಿದಳು. ಕಾಕಾ ಅವಳ ಮುಖವನ್ನೇ ನೋಡುತ್ತಾ, ತಮಗೇ ಹೇಳಿಕೊಂಡಂತೆ, "ಹಿಂಗೇ ಗಂಟು ಹಾಕಿದ್ಲು ಆಕಿನೂ, ನಾ ಮುಖ ತೆಗೀವಾಗ" ಎಂದರು.

ಪೆನ್ಸಿಲ್ ನಿಂತಿತು. "ಯಾರು, ಮುತ್ಯಾ? ನಮ್ಮವ್ವಾ? ನಮ್ಮವ್ವನ ಮುಖ ತೆಗದಿದ್ರೇನು ನೀವು? ಎಲ್ಲದ ಅದು?"

ಕಾಕಾ ನನ್ನ ಕಡೆ ನೋಡಿದರು. ನನ್ನ ಬಾಯಿ ತಾನೇ ತೆರೆಯಿತು: "ಒಡದು ಹೋಯ್ತವ್ವಾ. ನೀ ಸಣ್ಣಾಕಿ ಇದ್ದಾಗ."

ಮನೆಯಲ್ಲಿ ಆರಾಮ ಇದೆ ಎಂದು ಯಾರಿಗೆ ಹದಿನೇಳು ವರ್ಷ ಹೇಳಿದ್ದೆನೋ, ಅವರ ಎದುರಿಗೇ ಒಡೆದುಹೋಯಿತು ಎಂದೆ. ಎರಡೂ ಸುಳ್ಳು ಆ ಸಭಾಂಗಣದಲ್ಲಿ ಮುಖಾಮುಖಿ ನಿಂತವು. ಅಂಬಿಕಾ, "ನನಗ ಒಂದಿನಾನೂ ಹೇಳಿಲ್ಲಲ್ಲ ಆಯಿ" ಎಂದು ಮತ್ತೆ ಹಾಳೆಗೆ ಬಗ್ಗಿದಳು.

ಚಹಾದ ಹೊತ್ತಿಗೆ ಕಾಕಾ ನನ್ನನ್ನು ಪರದೆಯ ಹಿಂದೆ ಕರೆದರು. ನಾನು ಅಳಲು ಸುರು ಮಾಡಿದೆ. ಲಾರಿ, ಅಂಗೈ, ಬೇವಿನ ಬುಡ, ಎಲ್ಲ ಹೇಳಿದೆ. ಅವರು ತಡೆಯದೆ ಕೇಳಿ, ಕೊನೆಗೆ, "ನನಗ ಗೊತ್ತದವ್ವಾ. ಲಾರಿ ಹೋದ ದಿನನೇ ಬೇವಿನ ಬುಡ ಖಾಲಿ ಆಗಿದ್ದು ನಾನೂ ನೋಡಿದ್ದೆ. ಆ ಲಾರಿ ಮಾಲಿಗಿ ಗೆರಿ ಹಾಕಿದಾಂವ ನಾನೇ ಅಲ್ಲೇನು? ಅದು ಈ ಮಂದಿರಕ್ಕೇ ಬಂತು" ಎಂದರು.

ನಿಂತಲ್ಲಿಂದ ಸರಿಯಲು ಹೋದೆ. ಎಲ್ಲಿಗೆ ಸರಿಯುವುದು?

"ಗೊತ್ತಿದ್ದೂ ಮತ್ತ ಯಾಕ ಕೇಳ್ತಿದ್ರಿ ಕಾಕಾ, ಕಲ್ಲು ಹ್ಯಾಂಗದ, ಕಲ್ಲು ಹ್ಯಾಂಗದ ಅಂತ?"

"ಒಂದಿನ ನೀನಾಗೇ ಹೇಳ್ತಿ ಅಂತ. ಹೇಳಿದ್ರ ನಿನಗ ಹಗುರ ಆಗ್ತಿತ್ತು." ಆಮೇಲೆ, "ನನಗೂ. ಮಾರೋ ಕಲ್ಲು ಅಂತ ಗೊತ್ತಿದ್ದೂ ಅದರ ಮ್ಯಾಲ ತೆಗದೆ ನೋಡು. ಒಂದು ಕಾಗದ ಸಿಗಲಿಲ್ಲೇನು ನನಗ?"

"ಯಾವ ಕಲ್ಲ್ರಿ?"

"ಅದೇ ಗೊತ್ತಿಲ್ಲ. ತಿಂಗಳಾ ಬರ್ತೀನಿ. ಎಲ್ಲಾ ತಟ್ಟಿ ನೋಡೀನಿ. ಒಂದೊಂದು ಸಲ ಕೈಗಿ ಇದೇ ಅನಸ್ತದ. ಮುಂದಿನ ಸಲಕ್ಕ ಅದು ಮತ್ತೊಂದು ಆಗಿರ್ತದ."

"ಹಂಗಾದ್ರ ಮತ್ತೊಮ್ಮಿ ತೆಗೀರಿ ಕಾಕಾ, ನಿಮಗ ನೆನಪದಲ್ಲ."

ಅವರು ಕೈ ಎತ್ತಿ ತೋರಿಸಿದರು. ಬೆರಳು ನಡುಗುತ್ತಿದ್ದವು. "ಇದು ಬರೋದಕ್ಕ ಮುಂಚೆ ತೆಗದೀನಿ. ಭಾಳ ಸಲ. ಮುಖ ಬರ್ತದ. ಆಕಿ ಬರಂಗಿಲ್ಲ." ಹೊರಡುವಾಗ ಇನ್ನೊಂದು ಮಾತು ಹೇಳಿದರು: "ಹುಡುಗಿಗಿ ನೀನೇ ಹೇಳು. ನಾ ಹೇಳಂಗಿಲ್ಲ. ಅದು ನಿನ್ನ ಬಾಯಿಂದ ಬರಬೇಕು."

ಹೇಳಲಿಲ್ಲ. ಶ್ರಾವಣದಲ್ಲಿ ಕಾಕಾ ಹೋದರು. ಮಣ್ಣಿಗೆ ಹೋದಾಗ ನೋಡಿದೆ, ಕೆಲಸ ಬಿಟ್ಟು ಅಷ್ಟು ವರ್ಷವಾಗಿದ್ದರೂ ಉಗುರಿನ ಸಂದಿಯಲ್ಲಿ ಕೆಂಪು ಉಳಿದಿತ್ತು. ಗುಂಪಿನವರು ಅವರ ನೆನಪಿಗೆಂದು ಕಲಾಮಂದಿರದಲ್ಲೇ ಚಿತ್ರ ಇಡುವುದೆಂದರು. ಅಂಬಿಕಾಳ ಚಿತ್ರ ಎಲ್ಲಕ್ಕೂ ಮುಂದೆ ಎಂದರು. ಕುಣಿಯುವಷ್ಟು ಸಂತೋಷ ನನಗೆ, ಜೊತೆಗೆ ಆ ನೆಲದ ಹೆದರಿಕೆ.

ಇವತ್ತು ಮಂದಿಯೆಲ್ಲ ಫಳಾರಕ್ಕೆ ಹೊರಗೆ ಹೋದರು. ಅಂಬಿಕಾ ತನ್ನ ಚಿತ್ರದ ಎದುರಿಗೇ ನಿಂತಿದ್ದಳು. "ಆಯಿ, ಮುತ್ಯಾ ಅವತ್ತು ಕೈ ಯಾಕ ಹಂಗ ಇಟ್ಟಿದ್ರು? ಎಲ್ಲಾರೂ ಕೇಳ್ಲಿಕತ್ತಾರ, ನನಗೇ ಗೊತ್ತಿಲ್ಲ" ಎಂದು ನಕ್ಕಳು.

ಆ ನಗುವಿಗೆ ಮೂರನೆಯ ಸುಳ್ಳು ಹೇಳಲಾಗಲಿಲ್ಲ. ಹೇಳಿಬಿಟ್ಟೆ. ಬೇವಿನ ಬುಡದಿಂದ ಹಿಡಿದು ಈ ನೆಲದ ತನಕ.

ಮೊದಲು ಅವಳಿಗೆ ತಿಳಿಯಲಿಲ್ಲ. ತಿಳಿದ ಮೇಲೆ ನೆಲ ನೋಡಿದಳು, ಈ ತುದಿಯಿಂದ ಆ ತುದಿಗೆ. "ಯಾವುದು?"

"ಗೊತ್ತಿಲ್ಲವ್ವಾ. ಅವರಿಗೂ ಗೊತ್ತಿರಲಿಲ್ಲ."

"ಹದಿನೇಳು ವರ್ಷ, ಆಯಿ!" ಅಷ್ಟೇ ಅಂದಳು. ಆಮೇಲೆ ಬಾಗಿಲ ಕಡೆ ಹೊರಟಳು. ಕಲ್ಲಿನ ನಡುವೆ ಕಾಲಿಡದೆ, ಸಂದಿನಿಂದ ಸಂದಿಗೆ, ನನ್ನ ಹಾಗೆಯೇ ಹೋದಳು. ನನ್ನ ಚಟ ನನ್ನ ಕಣ್ಣೆದುರಿಗೇ ಕೂಸಿಗೆ ಅಂಟಿತು. ಗಾಡಿಯಲ್ಲಿ ಶಹಾಬಾದದ ತನಕ ಕಿಟಕಿಯ ಕಡೆ ತಿರುಗಿ ಕುಳಿತಳು.

ಮನೆಯಲ್ಲಿ ಮಗ ಶರಣು, ಸೊಸೆ ಇಬ್ಬರಿಗೂ ಹಬ್ಬ. ಸೊಸೆ ಗೋಧಿ ಹುಗ್ಗಿ ಮಾಡಿದ್ದಳು, ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ. ಎಲ್ಲರಿಗೂ ಸಾಲಾಗಿ ತಾಟು ಹಾಕಿದಳು. ಅಂಬಿಕಾ ಒಳಗಿನ ಕೋಣೆಯಿಂದ ಬರಲಿಲ್ಲ. ಏನಾಯಿತೆಂದು ಶರಣು ಕೇಳಿದ. ಅವನಿಗೂ ಹೇಳಿದೆ. ಅವನು ರೊಟ್ಟಿ ಮುರಿಯುವ ಕೈ ಹಾಗೇ ನಿಲ್ಲಿಸಿದ. ಅವನ ಅಕ್ಕ ಜಗದೇವಿಯ ಹೆಸರು ನಮ್ಮ ಮನೆಯಲ್ಲಿ ಊಟದ ಹೊತ್ತಿಗೆ ಯಾರೂ ಎತ್ತುವುದಿಲ್ಲ.

ಅಷ್ಟರಲ್ಲಿ ಅವಳೇ ಬಂದಳು. ನನ್ನ ಪಕ್ಕದ ತಾಟು ಬಿಟ್ಟು, ಎದುರಿಗೆ ಕುಳಿತಳು. ಕಣ್ಣು ಊದಿದ್ದವು.

"ನನ್ನ ಸಿಟ್ಟು ಹೋಗಿಲ್ಲ, ಆಯಿ."

"ಇರಲಿ, ನನ್ನವ್ವಾ."

"ನಾಳಿಗೂ ಇರ್ತದ."

"ಇರಲಿ."

ಶರಣು ಅವಳನ್ನೇ ನೋಡುತ್ತಿದ್ದ. ಮೆಲ್ಲಗೆ ಅಂದ: "ಅಕ್ಕನೂ ಸಿಟ್ಟು ಬಂದ್ರ ಹಿಂಗೇ. ಕೆಳಗಿನ ತುಟಿ ಒಳಗ ಹಾಕ್ಕೊಂಡು, ಗದ್ದ ಮುಂದ ಮಾಡಿ. ಖರೇ ಹೇಳ್ಬೇಕಂದ್ರ, ನನಗ ಈಗ ಹೆದರಿಕಿ ಬಂತು."

"ಹ್ಯಾಂಗ?" ಎಂದಳು ಅಂಬಿಕಾ. "ಮತ್ತೊಮ್ಮಿ ಹೇಳು ಮಾಮಾ. ನಾ ಈಗ ಹ್ಯಾಂಗ ಅದೀನಿ?"

"ಹಿಂಗೇ ಇರು. ಅಲ್ಲಾಡಬ್ಯಾಡ."

ಅವಳು ಅಲ್ಲಾಡಲಿಲ್ಲ. ತುಟಿ ಹಾಗೆಯೇ ಹಿಡಿದು, ಎದುರಿನ ಖಾಲಿ ಸ್ಟೀಲ್ ತಾಟನ್ನು ಎರಡೂ ಕೈಯಿಂದ ಎತ್ತಿ ಅದರಲ್ಲಿ ನೋಡಿಕೊಂಡಳು. ಬಹಳ ಹೊತ್ತು ನೋಡಿಕೊಂಡಳು. ಸೊಸೆ ಹುಗ್ಗಿಯ ಸೌಟು ಹಿಡಿದು ನಿಂತವಳು ನಿಂತೇ ಇದ್ದಳು. ನಾನು ಮಾತ್ರ ತಾಟಿನ ಮೇಲಂಚಿನಿಂದ ಕಾಣುತ್ತಿದ್ದ ಆ ಗಂಟಿಕ್ಕಿದ ಹಣೆಯಿಂದ ಕಣ್ಣು ತೆಗೆಯಲಿಲ್ಲ.

ಆಮೇಲೆ ತಾಟು ಕೆಳಗಿಟ್ಟು, ನನ್ನ ಕಡೆ ಸರಿಸಿದಳು.

"ನೀನೇ ಹಾಕು, ಆಯಿ. ತುಪ್ಪ ಜಾಸ್ತಿ."

ಹಾಕಿದೆ. ಶರಣು ತನಗೂ ಜಾಸ್ತಿ ಬೇಕೆಂದ. ಎಲ್ಲರೂ ಉಂಡೆವು.